ವಾದ್ಯ ಕೇಳುತ್ತದೆ, ಹಾಡುವವರ ಧ್ವನಿ ಕೇಳುವುದಿಲ್ಲ: ಮನೆಯ ಕಂಪ್ಯೂಟರ್‌ನಲ್ಲಿ ಸದ್ದಿನ ದೋಷ ಹುಡುಕುವ ಬಗೆ

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರದ ಒಂದು ಹಳ್ಳಿ. ಮನೆಯಲ್ಲಿ ವಿಂಡೋಸ್ 10 ಇರುವ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. ಮಳೆಗಾಲ ಶುರುವಾದಾಗಿನಿಂದ ಅದರ ಸದ್ದು ಸರಿಯಿಲ್ಲ. ಮುಂಭಾಗದ ಜಾಕ್‌ಗೆ ಮೊಬೈಲಿನ ಇಯರ್‌ಫೋನ್ ಹಾಕಿದರೆ ವಾದ್ಯಗಳೆಲ್ಲ ಕೇಳುತ್ತವೆ, ಹಾಡುವವರ ಧ್ವನಿ ಮಾತ್ರ ತೀರ ಕ್ಷೀಣ. ಸ್ಪೀಕರ್‌ನಲ್ಲಿ ಸದಾ ಗುಂಯ್ ಎನ್ನುವ ಸದ್ದು. ಕರೆಂಟ್ ಹೋಗಿ ಯುಪಿಎಸ್ ಮೇಲೆ ನಡೆಯುವಾಗ ಅದು ಇನ್ನೂ ಜೋರಾಗುತ್ತದೆ. ಹೊಸ ಮಾನಿಟರ್ ತಂದ ಮೇಲೆ ಒಮ್ಮೊಮ್ಮೆ ಸದ್ದೇ ಬರುವುದಿಲ್ಲ. ಅಂಗಡಿಯವರು ಸೌಂಡ್ ಕಾರ್ಡ್ ಹೋಗಿದೆ, ಮೊದಲು ಫಾರ್ಮ್ಯಾಟ್ ಮಾಡಿ ನೋಡೋಣ, ಆಗದಿದ್ದರೆ ಮದರ್‌ಬೋರ್ಡ್ ಬದಲಿಸೋಣ ಎನ್ನುತ್ತಾರೆ. ಏನು ಮಾಡುವುದು?

ಉತ್ತರ: ನೀವು ಬರೆದಿರುವುದು ಒಂದು ದೋಷವಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ಮೂರು ದೋಷಗಳು. ಮೂರೂ ಒಂದೇ ಕಾಲದಲ್ಲಿ ಕಾಣಿಸಿಕೊಂಡಿರುವುದರಿಂದ ಎಲ್ಲಕ್ಕೂ ಸೌಂಡ್ ಕಾರ್ಡೇ ಕಾರಣವಿರಬೇಕೆಂದು ಅನ್ನಿಸುವುದು ಸಹಜ. ಆದರೆ ದಯವಿಟ್ಟು ಈಗಲೇ ಫಾರ್ಮ್ಯಾಟ್ ಮಾಡಿಸಬೇಡಿ. ಹಾಡುವವರ ಧ್ವನಿ ಮಾಯವಾಗುವುದು ಬಹುಪಾಲು ಇಯರ್‌ಫೋನ್ ಪಿನ್ನು ಮತ್ತು ಜಾಕ್ ಕೂಡುವಲ್ಲಿನ ತೊಂದರೆ, ಗುಂಯ್ ಸದ್ದು ಮನೆಯ ವಿದ್ಯುತ್ತಿಗೆ ಸೇರಿದ ತೊಂದರೆ. ವಿಂಡೋಸನ್ನು ಎಷ್ಟು ಸಲ ಹೊಸದಾಗಿ ಹಾಕಿದರೂ ಇವೆರಡೂ ಹೋಗಲಾರವು. ಮೂರನೆಯದು ಪರದೆಯ ಮೇಲಿನ ಒಂದು ಆಯ್ಕೆಯನ್ನು ಬದಲಿಸಿದರೆ ಸರಿಹೋಗುವ ಸಾಧ್ಯತೆಯೇ ಹೆಚ್ಚು.

ಯಾವುದನ್ನೂ ಬದಲಿಸುವ ಮೊದಲು ಸದ್ದು ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹಾಡು ಮೊದಲು ಬ್ರೌಸರ್‌ನಲ್ಲಿಯೋ ಪ್ಲೇಯರ್‌ನಲ್ಲಿಯೋ ಹುಟ್ಟುತ್ತದೆ. ಅಲ್ಲಿಂದ ಎಲ್ಲ ಪ್ರೋಗ್ರಾಂಗಳ ಸದ್ದನ್ನು ಒಂದುಗೂಡಿಸುವ ವಿಂಡೋಸಿನ ಮಿಕ್ಸರ್‌ಗೆ, ಆಮೇಲೆ ಸದ್ದಿನ ಚಿಪ್ಪನ್ನು ನಡೆಸುವ ತಂತ್ರಾಂಶವಾದ ಡ್ರೈವರ್‌ಗೆ, ಅದರ ಮೂಲಕ ಮದರ್‌ಬೋರ್ಡಿನ ಮೇಲಿರುವ ಕೊಡೆಕ್ ಎಂಬ ಚಿಪ್‌ಗೆ ಹೋಗುತ್ತದೆ. ಅಂಕಿಗಳ ರೂಪದಲ್ಲಿದ್ದ ಹಾಡನ್ನು ಆ ಚಿಪ್ ವಿದ್ಯುತ್ ಅಲೆಯಾಗಿ ಮಾರ್ಪಡಿಸಿದ ಮೇಲೆ ಅದು ಜಾಕ್, ವೈರ್, ಸ್ಪೀಕರ್ ದಾಟಿ ಕಿವಿಗೆ ಬರುತ್ತದೆ. ಇಂದಿನ ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಸೌಂಡ್ ಕಾರ್ಡ್ ಎಂಬ ಬೇರೆ ಹಲಗೆಯೇ ಇರುವುದಿಲ್ಲ. ಈ ಕೊಡೆಕ್ ಚಿಪ್ಪೇ ಆ ಕೆಲಸವನ್ನು ಮಾಡುತ್ತದೆ, ಅದು ತಾನಾಗಿ ಕೆಡುವುದು ವಿರಳ. ಕಾಫಿ ತೋಟದಲ್ಲಿ ಸ್ಪ್ರಿಂಕ್ಲರ್ ಜೆಟ್ಟಿಗೆ ನೀರು ಬಾರದಿದ್ದರೆ ನೀವು ಕೆರೆಯ ದಡದಲ್ಲಿರುವ ಎಂಜಿನನ್ನು ಮೊದಲು ಬಿಚ್ಚುವುದಿಲ್ಲ, ಪೈಪಿನ ನಡುವಿನ ಒಂದು ಜಾಯಿಂಟ್ ತೆಗೆದು ಅಲ್ಲಿಯವರೆಗೆ ನೀರು ಬಂದಿದೆಯೇ ಎಂದು ನೋಡುತ್ತೀರಿ. ಇಲ್ಲಿಯೂ ಹಾಗೆಯೇ ನಡುವಿನಿಂದ ಹುಡುಕಬೇಕು.

ಆ ನಡುವಿನ ಜಾಗ ವಿಂಡೋಸ್‌ನಲ್ಲಿಯೇ ಕಣ್ಣಿಗೆ ಕಾಣುವಂತಿದೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಸೌಂಡ್ ತೆರೆದು, ಸೌಂಡ್ ಕಂಟ್ರೋಲ್ ಪ್ಯಾನೆಲ್ ಎಂಬಲ್ಲಿಗೆ ಹೋದರೆ (ವಿಂಡೋಸ್ 11ರಲ್ಲಿ ಇದಕ್ಕೆ ಮೋರ್ ಸೌಂಡ್ ಸೆಟ್ಟಿಂಗ್ಸ್ ಎಂಬ ಹೆಸರಿದೆ) ಪ್ಲೇಬ್ಯಾಕ್ ಎಂಬ ಪುಟದಲ್ಲಿ ಸದ್ದು ಹೊರಡಿಸಬಲ್ಲ ಸಾಧನಗಳೆಲ್ಲ ಒಂದರ ಕೆಳಗೊಂದು ಕಾಣುತ್ತವೆ, ಪ್ರತಿಯೊಂದರ ಬಲಗಡೆ ಸಣ್ಣ ನಿಂತ ಪಟ್ಟಿಯೊಂದಿರುತ್ತದೆ. ಒಂದು ಹಾಡನ್ನು ಹಾಕಿ, ಆ ಪುಟವನ್ನು ತೆರೆದಿಟ್ಟುಕೊಂಡು ನೋಡಿ. ಯಾವ ಪಟ್ಟಿಯೂ ಹಸಿರಾಗಿ ಏರಿಳಿಯದಿದ್ದರೆ ಸದ್ದು ವಿಂಡೋಸಿನ ಅಂಚಿನವರೆಗೂ ಬಂದಿಲ್ಲ ಎಂದರ್ಥ. ಆಗ ಬ್ರೌಸರ್‌ನ ಟ್ಯಾಬ್ ಮ್ಯೂಟ್ ಆಗಿದೆಯೇ, ವಾಲ್ಯೂಮ್ ಮಿಕ್ಸರ್‌ನಲ್ಲಿ ಆ ಪ್ರೋಗ್ರಾಂನ ಸದ್ದು ಕೆಳಗಿಳಿದಿದೆಯೇ ಎಂದು ನೋಡಬೇಕು. ಪಟ್ಟಿ ಹಾಡಿನ ಲಯಕ್ಕೆ ಸರಿಯಾಗಿ ಏರಿಳಿಯುತ್ತಿದ್ದೂ ಕಿವಿಗೆ ಏನೂ ಕೇಳದಿದ್ದರೆ, ಸದ್ದು ಬೇರೆ ಸಾಧನಕ್ಕೆ ಹೋಗುತ್ತಿದೆ ಅಥವಾ ದೋಷ ಡ್ರೈವರ್‌ನಿಂದ ಮುಂದಕ್ಕೆ ಇದೆ. ಈ ಒಂದು ನೋಟ ಹುಡುಕಾಟದ ಅರ್ಧ ಭಾಗವನ್ನು ಮುಗಿಸಿಬಿಡುತ್ತದೆ.

ನಿಮ್ಮ ಹೊಸ ಮಾನಿಟರ್‌ನ ವಿಷಯ ಇಲ್ಲಿಯೇ ಇತ್ಯರ್ಥವಾಗುತ್ತದೆ. ಹಳೆಯ ಮಾನಿಟರ್‌ಗೆ ನೀಲಿ ಪಿನ್ನಿನ ವಿಜಿಎ ಕೇಬಲ್ ಇದ್ದಿರಬಹುದು, ಅದರಲ್ಲಿ ಚಿತ್ರ ಮಾತ್ರ ಸಾಗುತ್ತದೆ. ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್ ಕೇಬಲ್‌ಗಳಲ್ಲಿ ಚಿತ್ರದ ಜೊತೆಗೆ ಸದ್ದೂ ಸಾಗುವುದರಿಂದ, ಹೊಸ ಮಾನಿಟರ್ ಜೋಡಿಸಿದೊಡನೆ ವಿಂಡೋಸ್ ಅದನ್ನೂ ಸದ್ದಿನ ಸಾಧನವೆಂದು ಪಟ್ಟಿಗೆ ಸೇರಿಸಿ, ಎಷ್ಟೋ ಸಲ ಅದನ್ನೇ ಮುಖ್ಯ ಸಾಧನವನ್ನಾಗಿ ಆರಿಸಿಕೊಳ್ಳುತ್ತದೆ. ಮಾನಿಟರ್‌ಗೆ ಸ್ಪೀಕರ್ ಇಲ್ಲದೆ ಹೆಡ್‌ಫೋನ್ ಜಾಕ್ ಮಾತ್ರ ಇದ್ದರೆ ಸದ್ದು ಅಲ್ಲಿಗೆ ಹೋಗಿ ಯಾರಿಗೂ ಕೇಳದೆ ಉಳಿಯುತ್ತದೆ. ಪರದೆಯ ಬಲ ಮೂಲೆಯ ಸ್ಪೀಕರ್ ಚಿತ್ರವನ್ನು ಒತ್ತಿದರೆ ಸದ್ದಿನ ಗೆರೆಯ ಮೇಲೆ ಸಾಧನದ ಹೆಸರು ಬರುತ್ತದೆ. ಆ ಹೆಸರು ಮಾನಿಟರ್‌ನ ಮಾಡೆಲ್ ಆಗಿದ್ದರೆ ಅದನ್ನು ಒತ್ತಿ, ರಿಯಲ್‌ಟೆಕ್ ಅಥವಾ ಹೈ ಡೆಫಿನಿಷನ್ ಆಡಿಯೋ ಎಂದಿರುವ ಸ್ಪೀಕರ್ಸ್ ಅನ್ನು ಆರಿಸಿ. ಸದ್ದು ಒಂದು ದಿನ ಇದ್ದು ಇನ್ನೊಂದು ದಿನ ಹೋಗುವುದನ್ನು ಪೂರ್ತಿ ನಿಲ್ಲಿಸಬೇಕೆಂದರೆ ಪ್ಲೇಬ್ಯಾಕ್ ಪುಟದಲ್ಲಿ ಮಾನಿಟರ್‌ನ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ಡಿಸೇಬಲ್ ಮಾಡಿಬಿಡಿ. ಚಿತ್ರಕ್ಕೆ ಅದರಿಂದ ಯಾವ ತೊಂದರೆಯೂ ಆಗದು.

ಇನ್ನು ಹಾಡುವವರ ಧ್ವನಿಯ ಮಾತು. ನಿಮ್ಮ ಪ್ರಶ್ನೆಯಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಇದೇ. ಸ್ಟೀರಿಯೋ ಇಯರ್‌ಫೋನ್‌ನ ಪಿನ್ನನ್ನು ಹತ್ತಿರದಿಂದ ನೋಡಿದರೆ ಕಪ್ಪು ಉಂಗುರಗಳಿಂದ ಬೇರ್ಪಟ್ಟ ಲೋಹದ ಭಾಗಗಳು ಕಾಣುತ್ತವೆ. ತುದಿಯ ಭಾಗ ಎಡಗಿವಿಗೆ, ಅದರ ಹಿಂದಿನದು ಬಲಗಿವಿಗೆ, ಅದಕ್ಕೂ ಹಿಂದಿನದು ಎರಡೂ ಕಿವಿಗಳಿಗೆ ಸಾಮಾನ್ಯವಾದ ಗ್ರೌಂಡ್, ಅಂದರೆ ವಿದ್ಯುತ್ ಮರಳಿ ಹೋಗುವ ದಾರಿ. ಈ ಗ್ರೌಂಡ್ ತುಂಡಾದರೆ ಎರಡೂ ಕಿವಿಗಳ ಸ್ಪೀಕರ್‌ಗಳು ಎಡ ಮತ್ತು ಬಲ ತಂತಿಗಳ ನಡುವೆ ಒಂದರ ಹಿಂದೊಂದು ಜೋಡಿಸಿದಂತಾಗುತ್ತವೆ, ಆಗ ಅವುಗಳಲ್ಲಿ ಹರಿಯುವುದು ಎಡದ ಸದ್ದಿಗೂ ಬಲದ ಸದ್ದಿಗೂ ಇರುವ ವ್ಯತ್ಯಾಸ ಮಾತ್ರ. ಧ್ವನಿಮುದ್ರಣದಲ್ಲಿ ಗಾಯಕರ ಧ್ವನಿಯನ್ನು ಸಾಮಾನ್ಯವಾಗಿ ನಡುವೆ, ಅಂದರೆ ಎಡಬಲಗಳಲ್ಲಿ ಒಂದೇ ಪ್ರಮಾಣದಲ್ಲಿ ಇಡುತ್ತಾರೆ. ಸಮವಾದ ಎರಡನ್ನು ಕಳೆದರೆ ಉಳಿಯುವುದು ಸೊನ್ನೆ, ಆದ್ದರಿಂದ ಧ್ವನಿ ಮಾಯವಾಗುತ್ತದೆ. ಬದಿಗೆ ಸರಿಸಿಟ್ಟ ಪಿಟೀಲು, ಕೊಳಲು, ಗಾಯನದ ಪ್ರತಿಧ್ವನಿಯ ಅಂಶ ಇವು ಎರಡು ಕಡೆಗಳಲ್ಲಿ ಬೇರೆ ಬೇರೆಯಾಗಿರುವುದರಿಂದ ಉಳಿದುಕೊಳ್ಳುತ್ತವೆ. ಒಬ್ಬರೇ ಓದುವ ಆಕಾಶವಾಣಿಯ ವಾರ್ತೆಯನ್ನು ಅದೇ ಇಯರ್‌ಫೋನ್‌ನಲ್ಲಿ ಕೇಳಿ ನೋಡಿ; ನಾನು ಹೇಳಿದ ಕಾರಣವೇ ನಿಜವಾಗಿದ್ದರೆ ಅದು ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ.

ಗ್ರೌಂಡ್ ಏಕೆ ತುಂಡಾಗುತ್ತದೆ? ನೀವು ಹಾಕುತ್ತಿರುವುದು ಮೊಬೈಲಿನ ಇಯರ್‌ಫೋನ್. ಅದಕ್ಕೆ ಮೈಕ್ ಕೂಡ ಇರುವುದರಿಂದ ಪಿನ್ನಿನಲ್ಲಿ ಮೂರು ಕಪ್ಪು ಉಂಗುರಗಳೂ ನಾಲ್ಕು ಲೋಹದ ಭಾಗಗಳೂ ಇರುತ್ತವೆ. ಇಂದಿನ ಹೆಚ್ಚಿನ ಮೊಬೈಲ್‌ಗಳ ಪದ್ಧತಿಯಲ್ಲಿ ಮೂರನೆಯದು ಗ್ರೌಂಡ್, ಬುಡದಲ್ಲಿರುವ ನಾಲ್ಕನೆಯದು ಮೈಕ್. ಡೆಸ್ಕ್‌ಟಾಪಿನ ಮುಂಭಾಗದಲ್ಲಿ ಹಸಿರು ಮತ್ತು ಗುಲಾಬಿ ಬಣ್ಣದ ಎರಡು ಬೇರೆ ಜಾಕ್‌ಗಳಿದ್ದರೆ ಅವು ಮೂರು ಭಾಗಗಳ ಪಿನ್ನಿಗಾಗಿ ಮಾಡಿದವು. ಇಂಥ ಕೆಲವು ಜಾಕ್‌ಗಳಲ್ಲಿ ಗ್ರೌಂಡಿನ ಪತ್ತಿ ಪಿನ್ನಿನ ಬುಡಕ್ಕೆ, ಅಂದರೆ ಮೈಕಿನ ಭಾಗಕ್ಕೆ ಮಾತ್ರ ತಾಗುತ್ತದೆ, ನಿಜವಾದ ಗ್ರೌಂಡ್ ತಾಗದೆ ಉಳಿಯುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ಯಾವ ಉಪಕರಣವೂ ಬೇಡ. ಹಾಡು ನಡೆಯುತ್ತಿರುವಾಗ ಇಯರ್‌ಫೋನಿನ ವೈರ್‌ನಲ್ಲಿರುವ, ಕರೆ ಸ್ವೀಕರಿಸುವ ಗುಂಡಿಯನ್ನು ಒತ್ತಿ ಹಿಡಿಯಿರಿ. ಆ ಗುಂಡಿ ಮೈಕಿನ ತಂತಿಯನ್ನು ಗ್ರೌಂಡಿಗೆ ಕೂಡಿಸುತ್ತದೆ. ಒತ್ತಿರುವಷ್ಟು ಹೊತ್ತು ಗಾಯಕರ ಧ್ವನಿ ತುಂಬಿಕೊಂಡು ಬಂದು, ಬಿಟ್ಟೊಡನೆ ಮತ್ತೆ ಹೋದರೆ ನಿಮ್ಮ ಕಂಪ್ಯೂಟರ್‌ನಲ್ಲಿ ಯಾವ ದೋಷವೂ ಇಲ್ಲ. ನಾಲ್ಕು ಭಾಗಗಳ ಪಿನ್ನನ್ನು ಇಯರ್‌ಫೋನ್ ಮತ್ತು ಮೈಕ್ ಎಂದು ಎರಡಾಗಿ ಕವಲೊಡೆಸುವ ಸಣ್ಣ ಅಡಾಪ್ಟರ್ ಮೊಬೈಲ್ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ದೊರೆಯುತ್ತದೆ, ಅದನ್ನು ತಂದು ಹಾಕಿದರೆ ಸಾಕು, ಮೈಕ್ ಕೂಡ ಕೆಲಸ ಮಾಡುತ್ತದೆ.

ಗುಂಡಿ ಒತ್ತಿದರೂ ಬದಲಾವಣೆ ಕಾಣದಿದ್ದರೆ ಪಿನ್ನನ್ನು ಹಿಂಭಾಗದ ಹಸಿರು ಜಾಕ್‌ಗೆ ಹಾಕಿ ನೋಡಿ. ಹಿಂಭಾಗದ ಜಾಕ್‌ಗಳು ನೇರವಾಗಿ ಮದರ್‌ಬೋರ್ಡಿನ ಮೇಲಿವೆ; ಮುಂಭಾಗದವು ಕ್ಯಾಬಿನೆಟ್ಟಿನೊಳಗಿನ ಒಂದು ತೆಳು ವೈರ್ ಮೂಲಕ ಮದರ್‌ಬೋರ್ಡಿಗೆ ಸೇರುತ್ತವೆ, ಆ ವೈರ್ ಸಡಿಲಗೊಳ್ಳುವುದು, ಇಲಿ ಕಡಿಯುವುದು ನಮ್ಮ ಕಡೆ ಅಪರೂಪವಲ್ಲ. ಹಿಂದೆ ಸರಿಯಾಗಿ ಕೇಳಿ ಮುಂದೆ ಕೇಳದಿದ್ದರೆ ಕೊಡೆಕ್ ಚಿಪ್ ನೆಟ್ಟಗಿದೆ ಎಂಬುದು ಅಲ್ಲಿಗೇ ಸಾಬೀತಾಗುತ್ತದೆ. ಇಷ್ಟು ಪರೀಕ್ಷೆಯನ್ನೂ ಮಾಡದೆ ಮದರ್‌ಬೋರ್ಡ್ ಬದಲಿಸುವ ಮಾತಾಡುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ವೇಳೆ ಹಾಡುಗಳಲ್ಲಿ ಧ್ವನಿ ಸರಿಯಾಗಿದ್ದು ಸಿನಿಮಾಗಳಲ್ಲಿ ಮಾತ್ರ ಸಂಭಾಷಣೆ ಕ್ಷೀಣವಾಗಿದ್ದರೆ ಕಾರಣ ಬೇರೆ: ವಿಂಡೋಸ್‌ನಲ್ಲಿ ಸ್ಪೀಕರ್‌ಗಳನ್ನು 5.1, ಅಂದರೆ ಆರು ಸ್ಪೀಕರ್‌ಗಳ ಜೋಡಣೆ ಎಂದು ಗುರುತಿಸಿರಬಹುದು. ಆಗ ಸಂಭಾಷಣೆ ಮನೆಯಲ್ಲಿಲ್ಲದ ನಡುವಿನ ಸ್ಪೀಕರ್‌ಗೆ ಹೋಗುತ್ತದೆ. ಪ್ಲೇಬ್ಯಾಕ್ ಪುಟದ ಕಾನ್ಫಿಗರ್ ಗುಂಡಿಯನ್ನು ಒತ್ತಿ ಸ್ಟೀರಿಯೋ ಎಂದು ಬದಲಿಸಿದರೆ ಸರಿಹೋಗುತ್ತದೆ.

ಮಳೆಗಾಲದಿಂದಲೇ ಶುರುವಾಯಿತು ಎಂದು ಬರೆದಿದ್ದೀರಿ, ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಗೋಡೆಗೂ ಬಟ್ಟೆಗೂ ಬೂಷ್ಟು ಹಿಡಿಯುವಷ್ಟು ತೇವ ಗಾಳಿಯಲ್ಲಿರುತ್ತದೆ, ಜಾಕ್‌ನೊಳಗಿನ ಲೋಹದ ಪತ್ತಿಗಳ ಮೇಲೆ ಮಬ್ಬಾದ ಪದರ ಕಟ್ಟುತ್ತದೆ. ಪಿನ್ನನ್ನು ತಿರುಗಿಸಿದಾಗ ಕರಕರ ಸದ್ದು ಬಂದು ಒಂದು ಕೋನದಲ್ಲಿ ಮಾತ್ರ ಸರಿಯಾಗಿ ಕೇಳಿದರೆ ದೋಷ ಇದೇ. ಹಲವು ಜಾಕ್‌ಗಳೊಳಗೆ ಪಿನ್ ಬಂದಿದೆಯೇ ಎಂದು ಕಂಪ್ಯೂಟರ್‌ಗೆ ತಿಳಿಸುವ ಸಣ್ಣ ಸ್ವಿಚ್ ಕೂಡ ಇರುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಅದು ಅಂಟಿಕೊಂಡರೆ ಹೆಡ್‌ಫೋನ್ ಇಲ್ಲದಿದ್ದರೂ ಇದೆಯೆಂದು ಭಾವಿಸಿ ಕಂಪ್ಯೂಟರ್ ಒಳಗಿನ ಸ್ಪೀಕರ್ ಬಂದ್ ಮಾಡಿಬಿಡುತ್ತದೆ. ಶುಚಿಗೊಳಿಸಲು ಕಂಪ್ಯೂಟರ್ ಆರಿಸಿ, ಪ್ಲಗ್ ತೆಗೆದು, ಹಳೆಯ ಇಯರ್‌ಫೋನಿನ ಪಿನ್ನಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅನ್ನು ಒದ್ದೆಯಾಗುವಷ್ಟು ಮಾತ್ರ ಸವರಿ, ಜಾಕ್‌ನೊಳಗೆ ಹಾಕಿ ತಿರುಗಿಸುತ್ತ ತೆಗೆಯುವುದನ್ನು ಕೆಲವು ಬಾರಿ ಮಾಡಿ. ಆ ದ್ರವ ಪೂರ್ತಿ ಆರಿದ ಮೇಲಷ್ಟೇ ಕಂಪ್ಯೂಟರ್ ಹಾಕಿ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಸೀಮೆಎಣ್ಣೆ ಇವನ್ನು ಎಂದಿಗೂ ಹಾಕಬಾರದು, ಅವು ಧೂಳನ್ನು ಹಿಡಿದಿಟ್ಟುಕೊಂಡು ಮುಂದಿನ ಮಳೆಗಾಲಕ್ಕೆ ಜಾಕನ್ನು ಪೂರ್ತಿ ಕೆಡಿಸುತ್ತವೆ. ಮಳೆಗಾಲದಲ್ಲಿ ಕಂಪ್ಯೂಟರ್‌ಗೆ ಪ್ಲಾಸ್ಟಿಕ್ ಹೊದಿಕೆ ಬೇಡ, ತೇವ ಒಳಗೇ ನಿಲ್ಲುತ್ತದೆ. ಹತ್ತಿಯ ಬಟ್ಟೆ ಹೊದಿಸಿ, ಕೆಲಸವಿಲ್ಲದ ದಿನವೂ ಸ್ವಲ್ಪ ಹೊತ್ತು ಚಾಲೂ ಮಾಡಿಡಿ, ಅದರ ಬಿಸಿಯೇ ಒಳಭಾಗವನ್ನು ಒಣಗಿಸುತ್ತದೆ.

ಈಗ ಗುಂಯ್ ಸದ್ದು. ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ, ಸೆಕೆಂಡಿಗೆ 50 ಆವರ್ತನದ ವಿದ್ಯುತ್. ಅದು ಸದ್ದಿನ ತಂತಿಯೊಳಗೆ ಯಾವ ರೀತಿಯಲ್ಲಿ ನುಸುಳಿದರೂ 50 ಅಥವಾ 100 ಹರ್ಟ್ಸ್‌ನ ದಪ್ಪ ಗುಂಯ್ ಆಗಿ ಕೇಳಿಸುತ್ತದೆ. ಎಲ್ಲಿಂದ ನುಸುಳುತ್ತಿದೆ ಎಂದು ತಿಳಿಯಲು ಸ್ಪೀಕರ್ ಚಾಲೂ ಇರುವಾಗಲೇ ಅದರ ಪಿನ್ನನ್ನು ಕಂಪ್ಯೂಟರ್‌ನಿಂದ ತೆಗೆದು, ಯಾವುದಕ್ಕೂ ತಾಗದಂತೆ ಮೇಜಿನ ಮೇಲಿಡಿ. ಸದ್ದು ಅಷ್ಟೇ ಇದ್ದರೆ ದೋಷ ಸ್ಪೀಕರ್‌ನೊಳಗಿನ ವಿದ್ಯುತ್ ಭಾಗದ್ದು, ಸಾಮಾನ್ಯವಾಗಿ ಅಲ್ಲಿಯ ಕೆಪಾಸಿಟರ್ ಬತ್ತಿರುತ್ತದೆ, ರೇಡಿಯೋ ರಿಪೇರಿ ಬಲ್ಲವರು ಬದಲಿಸಿಕೊಡುತ್ತಾರೆ. ಪಿನ್ ತೆಗೆದೊಡನೆ ಸದ್ದು ನಿಂತರೆ ಅದು ಕಂಪ್ಯೂಟರ್‌ನ ಕಡೆಯಿಂದ ಬರುತ್ತಿದೆ. ಪಿನ್ನಿನ ತುದಿಗೆ ಬೆರಳು ತಾಗಿದಾಗ ಗುಂಯ್ ಜೋರಾಗುವುದು ಸಹಜ, ಅದಕ್ಕೆ ಗಾಬರಿಯಾಗಬೇಕಿಲ್ಲ.

ಕಂಪ್ಯೂಟರ್‌ನ ಕಡೆಯಿಂದ ಬರುತ್ತಿದ್ದರೆ ಮೊದಲು ಕಂಪ್ಯೂಟರ್, ಮಾನಿಟರ್, ಸ್ಪೀಕರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿಸಿ. ಬೇರೆ ಬೇರೆ ಗೋಡೆಯ ಪ್ಲಗ್‌ಗಳಲ್ಲಿ ಅರ್ಥಿಂಗ್‌ನ ಮಟ್ಟ ಸ್ವಲ್ಪ ಬೇರೆಯಾಗಿದ್ದರೂ ಆ ವ್ಯತ್ಯಾಸ ಸದ್ದಿನ ವೈರ್‌ನ ಗ್ರೌಂಡ್ ಮೂಲಕ ಹರಿದು ಗುಂಯ್ ಹುಟ್ಟಿಸುತ್ತದೆ. ಸ್ಪೀಕರ್ ಬದಲು ಹೋಂ ಥಿಯೇಟರ್ ಆಂಪ್ಲಿಫೈಯರ್‌ಗೆ ಜೋಡಿಸಿದ್ದು, ಅದಕ್ಕೆ ಡಿಶ್ ಕೇಬಲ್ಲೂ ಸೇರಿದ್ದರೆ ಈ ತೊಂದರೆ ಹೆಚ್ಚು. ಅಂಥಲ್ಲಿ ಸದ್ದಿನ ವೈರ್‌ನ ನಡುವೆ ಹಾಕುವ, ಸಣ್ಣ ಟ್ರಾನ್ಸ್‌ಫಾರ್ಮರ್ ಇರುವ ಗ್ರೌಂಡ್ ಲೂಪ್ ಐಸೊಲೇಟರ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದನ್ನು ಕೊಳ್ಳುವ ಮೊದಲು ಅರ್ಥಿಂಗ್ ಇದೆಯೇ ಎಂಬುದನ್ನು ನೋಡಲೇಬೇಕು. ಹಳೆಯ ಹಂಚಿನ ಮನೆಗಳಲ್ಲಿ ಮೂರು ತೂತಿನ ಪ್ಲಗ್ ಇದ್ದರೂ ಮೇಲಿನ ದೊಡ್ಡ ತೂತಿಗೆ ತಂತಿಯನ್ನೇ ಎಳೆದಿರುವುದಿಲ್ಲ. ಆಗ ಕಂಪ್ಯೂಟರ್‌ಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಲ್ಲಿರುವ ಫಿಲ್ಟರ್ ಕೆಪಾಸಿಟರ್‌ಗಳಿಂದಾಗಿ ಕ್ಯಾಬಿನೆಟ್ಟಿನ ಲೋಹದಲ್ಲಿ ಸುಮಾರು ಅರ್ಧದಷ್ಟು, ಅಂದರೆ 115 ವೋಲ್ಟ್ ಆಸುಪಾಸಿನ ವಿದ್ಯುತ್ ನಿಲ್ಲುತ್ತದೆ. ಹರಿಯಬಲ್ಲ ಪ್ರಮಾಣ ಅತ್ಯಲ್ಪವಾದ್ದರಿಂದ ಸಾಮಾನ್ಯವಾಗಿ ಅಪಾಯವಾಗದು, ಆದರೆ ಬರಿಗಾಲಿನಲ್ಲಿ ಸಿಮೆಂಟ್ ನೆಲದ ಮೇಲೆ ನಿಂತು ಕ್ಯಾಬಿನೆಟ್ ಸವರಿದರೆ ಜುಮ್ಮೆನ್ನುತ್ತದೆ. ಆ ಅನುಭವ ಮನೆಯಲ್ಲಿ ಯಾರಿಗಾದರೂ ಈಗಾಗಲೇ ಆಗಿದ್ದರೆ ನಿಮ್ಮ ಗುಂಯ್ ಸದ್ದಿನ ಮೂಲ ಅದೇ ಇರಬಹುದು. ಪರೀಕ್ಷೆಗೆಂದು ಬೇಕಂತಲೇ ಮುಟ್ಟಿ ನೋಡುವುದು ಬೇಡ, ಎಸ್‌ಎಂಪಿಎಸ್ ಕೆಟ್ಟಿದ್ದರೆ ಪೂರ್ತಿ ವೋಲ್ಟೇಜ್ ಅಲ್ಲಿಗೆ ಬಂದಿರಬಹುದು. ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರನ್ನು ಕರೆಸಿ ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ನಡುವೆ ಎಷ್ಟು ವೋಲ್ಟ್ ಇದೆಯೆಂದು ಅಳೆಸಿ. ಅದು ಕೆಲವೇ ವೋಲ್ಟ್ ಇರಬೇಕು. ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗದಂತೆ ಆಗಾಗ ನೀರು ಹಾಕಿಸಿ. ಗುಂಯ್ ನಿಲ್ಲುತ್ತದೆಂದು ಕೆಲವರು ಪ್ಲಗ್ಗಿನ ದೊಡ್ಡ ಪಿನ್ನನ್ನು ಮುರಿಯುವುದುಂಟು. ಸದ್ದು ನಿಂತರೂ ಅದನ್ನು ಮಾತ್ರ ಮಾಡಬೇಡಿ, ಆ ಪಿನ್ ಇರುವುದು ಜೀವ ಉಳಿಸುವುದಕ್ಕೆ.

ಯುಪಿಎಸ್ ಮೇಲೆ ನಡೆಯುವಾಗ ಸದ್ದು ಜೋರಾಗುವುದಕ್ಕೆ ಉತ್ತರ ಸರಳ. ನಿಮ್ಮದು ಸ್ಕ್ವೇರ್ ವೇವ್ ಮಾದರಿಯದಾಗಿರಬೇಕು. ಅದರ ವಿದ್ಯುತ್ ನಯವಾಗಿ ಏರಿಳಿಯದೆ ಥಟ್ಟನೆ ಮೇಲಕ್ಕೂ ಕೆಳಕ್ಕೂ ಜಿಗಿಯುತ್ತದೆ, ಹಾಗಾಗಿ 50 ಹರ್ಟ್ಸ್‌ನ ಜೊತೆಗೆ 150, 250, 350 ಹೀಗೆ ಅದರ ಬೆಸ ಗುಣಕಗಳೂ ಅದರಲ್ಲಿ ಬಲವಾಗಿರುತ್ತವೆ, ಸಣ್ಣ ಸ್ಪೀಕರ್‌ಗಳಲ್ಲಿ ಅವು 50ಕ್ಕಿಂತಲೂ ಸ್ಪಷ್ಟವಾಗಿ ಕೇಳುತ್ತವೆ. ಮುಂದೆ ಯುಪಿಎಸ್ ಬದಲಿಸುವ ಕಾಲ ಬಂದಾಗ ಸೈನ್ ವೇವ್ ಮಾದರಿಯನ್ನೇ ಕೊಳ್ಳಿ; ಅಲ್ಲಿಯವರೆಗೆ ಕರೆಂಟ್ ಇಲ್ಲದಾಗ ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವ ಸ್ಪೀಕರ್ ಅಥವಾ ಇಯರ್‌ಫೋನ್ ಬಳಸಬಹುದು.

ಉಳಿದ ಕೆಲವು ವಿಷಯಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಅಪ್‌ಡೇಟ್ ಆದ ಮರುದಿನವೇ ಸದ್ದು ಹೋಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಸೌಂಡ್ ಸಾಧನದ ಪ್ರಾಪರ್ಟೀಸ್ ತೆರೆದು, ಡ್ರೈವರ್ ಪುಟದಲ್ಲಿ ರೋಲ್ ಬ್ಯಾಕ್ ಒತ್ತಿ ಹಿಂದಿನ ಡ್ರೈವರ್‌ಗೆ ಮರಳಿ. ಆ ಗುಂಡಿ ಮಸುಕಾಗಿದ್ದರೆ ಸಾಧನವನ್ನು ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ತಾನೇ ಡ್ರೈವರ್ ಹಾಕಿಕೊಳ್ಳುತ್ತದೆ. ಡ್ರೈವರ್ ಅಪ್‌ಡೇಟ್ ಮಾಡುತ್ತೇವೆಂದು ಜಾಹೀರಾತಿನಲ್ಲಿ ಬರುವ ಪ್ರೋಗ್ರಾಂಗಳನ್ನು ಇಳಿಸಿಕೊಳ್ಳಬೇಡಿ. ಕಂಪ್ಯೂಟರ್ ಅಥವಾ ಮದರ್‌ಬೋರ್ಡ್ ತಯಾರಕರ ತಾಣದಿಂದ ಮಾತ್ರ ಪಡೆಯಿರಿ. ವೀಡಿಯೊ ಕರೆ ಬಂದಾಗ ಹಾಡಿನ ಸದ್ದು ತಾನಾಗಿ ತಗ್ಗುವುದು ದೋಷವಲ್ಲ, ಬೇರೆ ಸದ್ದುಗಳನ್ನು 80% ತಗ್ಗಿಸುವ ಆಯ್ಕೆ ಅದೇ ಸೌಂಡ್ ಪ್ಯಾನೆಲ್‌ನ ಕಮ್ಯುನಿಕೇಷನ್ಸ್ ಪುಟದಲ್ಲಿದೆ, ಬೇಡವಾದರೆ ಡೂ ನಥಿಂಗ್ ಎಂದು ಗುರುತು ಮಾಡಿ. ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಕರೆ ಮಾಡುವಾಗ ಮಾತ್ರ ಸದ್ದು ಕಳಪೆಯಾದರೆ ಕಾರಣ ಅದರ ಮೈಕ್: ಅದು ಚಾಲೂ ಆದೊಡನೆ ಬ್ಲೂಟೂತ್ ಸಾಮಾನ್ಯವಾಗಿ ಸ್ಟೀರಿಯೋ ಪದ್ಧತಿಯನ್ನು ಬಿಟ್ಟು ಫೋನ್ ಕರೆಯ ಪದ್ಧತಿಗೆ ಇಳಿಯುತ್ತದೆ. ಬೇರೆ ಮೈಕ್ ಇದ್ದರೆ ಕರೆಗೆ ಅದನ್ನು ಆರಿಸಿಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೂ ಹಿಂಭಾಗದ ಹಸಿರು ಜಾಕ್‌ನಲ್ಲಿಯೇ ಸದ್ದು ಬಾರದಿದ್ದರೆ ಫಾರ್ಮ್ಯಾಟ್‌ಗೆ ಮೊದಲು ಒಂದು ಕೊನೆಯ ಪರೀಕ್ಷೆ ಇದೆ. ಉಬುಂಟು ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆಯನ್ನು ಪೆನ್‌ಡ್ರೈವ್‌ಗೆ ಹಾಕಿಸಿ, ಅದರಿಂದ ಕಂಪ್ಯೂಟರ್ ಶುರು ಮಾಡಿ, ಇನ್‌ಸ್ಟಾಲ್ ಮಾಡದೆ ಪ್ರಯತ್ನಿಸಿ ನೋಡುವ ಆಯ್ಕೆಯನ್ನು ಒತ್ತಿ. ನಿಮ್ಮ ಹಾರ್ಡ್ ಡಿಸ್ಕಿನ ಫೋಟೋ, ಲೆಕ್ಕಪತ್ರ ಯಾವುದಕ್ಕೂ ಅದು ಕೈಹಾಕುವುದಿಲ್ಲ. ಅಲ್ಲಿ ಹಾಡು ಕೇಳಿದರೆ ಚಿಪ್ ಚೆನ್ನಾಗಿದೆ, ದೋಷ ವಿಂಡೋಸ್‌ನದು, ಆಗ ಹೊಸದಾಗಿ ಹಾಕಿಸುವುದಕ್ಕೆ ಅರ್ಥವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹಾಕಿಸುವುದೇ ಆದರೆ ನಿಮ್ಮ ಕಂಪ್ಯೂಟರ್ ವಿಂಡೋಸ್ 11ಕ್ಕೆ ಅರ್ಹವೇ ಎಂದೂ ಅಂಗಡಿಯವರಲ್ಲಿ ಕೇಳಿ. ಉಬುಂಟುವಿನಲ್ಲಿಯೂ ಸದ್ದಿಲ್ಲದಿದ್ದರೆ ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗ ವಿಂಡೋಸ್‌ಗಿಂತ ಮೊದಲೇ ತೆರೆಯಬಹುದಾದ ಸೆಟ್ಟಿಂಗ್ಸ್‌ನಲ್ಲಿ, ಆನ್‌ಬೋರ್ಡ್ ಆಡಿಯೋ ಎಂಬುದು ಎನೇಬಲ್ ಆಗಿದೆಯೇ ಎಂದು ನೋಡಿ. ಆಗಿದ್ದರೆ ಕೊಡೆಕ್ ನಿಜವಾಗಿಯೂ ಕೆಟ್ಟಿರಬಹುದು, ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿನ ದಿನಗಳಲ್ಲಿ ಪ್ಲಗ್ ತೆಗೆಯದೆ ಬಿಟ್ಟ ಕಂಪ್ಯೂಟರ್‌ಗಳಿಗೆ ಹೀಗಾಗುವುದುಂಟು. ಆಗಲೂ ಮದರ್‌ಬೋರ್ಡ್ ಬದಲಿಸುವ ಅಗತ್ಯವಿಲ್ಲ. ಕೆಲವು ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ಸೌಂಡ್ ಕಾರ್ಡ್ ತನ್ನದೇ ಕೊಡೆಕ್ ಹೊಂದಿರುತ್ತದೆ. ಅದನ್ನು ಕ್ಯಾಬಿನೆಟ್ಟಿನ ಹಿಂಭಾಗದ ಯುಎಸ್‌ಬಿ ಪೋರ್ಟಿಗೆ ಹಾಕಿ, ಔಟ್‌ಪುಟ್ ಪಟ್ಟಿಯಲ್ಲಿ ಅದರ ಹೆಸರನ್ನು ಆರಿಸಿಕೊಂಡು, ಸ್ಪೀಕರ್ ಪಿನ್ನನ್ನು ಅದಕ್ಕೆ ಸೇರಿಸಿ.